ಕಟ್ಟಿಟ್ಟ ಸಾಲು

ಗೊರಿಝಿಯಾದ ರಸ್ತೆಲ್ಲೊ ಬೀದಿಯ ನೆಲಮಾಳಿಗೆಯಲ್ಲಿ
ಹದಿಮೂರರ ನಾನು ಅಚ್ಚಿನ ಮೊಳೆ ಹಂಚುವ ಹುಡುಗಿ.
ಗಂಡಸರೆಲ್ಲ ಗಲಿಸಿಯಾದ ಕೆಸರಿಗೆ ಹೋಗಿದ್ದರು,
ನನ್ನಣ್ಣ ಲಾದ್ಕೊ ಕೂಡ.
ಉಳಿದವನು ತಾತ್ಸಿಯಾನ್ ಬ್ರೆಗಾಂತ್ ಒಬ್ಬ:
ಕುಂಟುಗಾಲು, ಸೀಸಕ್ಕೆ ಕಪ್ಪಾದ ಉಗುರು,
ಬಾಯಲ್ಲಿ ಸದಾ ಒಂದು ಲವಂಗ.
ಹೆಣದ ಪೆಟ್ಟಿಗೆಗೆ ಮೊಳೆ ಸಿಗದ ಕಾಲ.
ನಮ್ಮಲ್ಲಿ ಮಾತ್ರ ಮಣಗಟ್ಟಲೆ ಮೊಳೆ.

ಅಚ್ಚಿನ ಅಕ್ಷರ ತಿರುವುಮುರುವು,
ಕನ್ನಡಿಯ ಒಳಗೆ ನಿಂತು ಓದಿದ ಹಾಗೆ.
"ನೇರ ಓದುವವರು ನಂಬುತ್ತಾರೆ" ಅನ್ನುತ್ತಿದ್ದ,
"ತಿರುಗಿಸಿ ಓದುವವರು ಕಾಗುಣಿತ ನೋಡುತ್ತಾರೆ, ಅಷ್ಟೇ.
ಅದನ್ನೇ ಬುದ್ಧಿ ಅಂದುಕೊಳ್ಳಬೇಡ."

ಪುಟ ಅಚ್ಚಾದ ಮೇಲೆ ಸಾಲು ಬಿಡಿಸಿ
ಅಕ್ಷರಗಳನ್ನು ಅವುಗಳ ಮನೆಗೆ ಸೇರಿಸುವುದು ನನ್ನ ಕೆಲಸ.
ಒಂದನ್ನು ಮಾತ್ರ ಬಿಡಿಸುವಂತಿಲ್ಲ.
ದಾರ ಸುತ್ತಿ ಕಪಾಟಿನ ಮೂಲೆಯಲ್ಲಿಟ್ಟಿದ್ದ, ಜರ್ಮನ್ನಿನಲ್ಲಿ:
ನಮ್ಮ ಕಡೆ ಅಲ್ಪ ನಷ್ಟ.
ದಿನಾ ಬೇಕಾಗುತ್ತದೆ,
ದಿನಾ ಜೋಡಿಸಿಕೊಂಡು ಯಾರು ಸಾಯಬೇಕು?

ಬೆಟ್ಟದ ಗುಂಡು ನಮ್ಮ ಕಿಟಕಿಗೇ ಕೇಳುತ್ತಿತ್ತು;
ಸುದ್ದಿ ಮಾತ್ರ ವಿಯೆನ್ನಾ ಸುತ್ತಿ ತಂತಿಯಲ್ಲಿ ಬರುತ್ತಿತ್ತು.
ಶತ್ರುವಿನ ಹೆಣ ಎಂಟು ಸಾವಿರ.
ಕತ್ತಲಲ್ಲಿ ಯಾರು ಎಣಿಸಿದರು, ಕೇಳಿದೆ.
ಬ್ರೆಗಾಂತ್ ಎಂಟರ ಮೊಳೆಯನ್ನು ದೀಪಕ್ಕೆ ಹಿಡಿದ:
"ಸವೆದು ಮೂರಾಗಿದೆ. ಬೇರೆ ಕೊಡು."

ಡಿಸೆಂಬರಿನಲ್ಲಿ ಅಮ್ಮನಿಗೆ ಕಾಗದ ಬಂತು.
ತಾರೀಕು ನೋಡಿ ಆ ದಿನದ ಪತ್ರಿಕೆ ಹುಡುಕಿದೆ.
ಗಲಿಸಿಯಾ, ಎರಡನೇ ಪುಟ, ಕೆಳಗಡೆ,
ನಾನೇ ದಾರ ಬಿಚ್ಚಿ ಕೂರಿಸಿದ್ದ ಸಾಲು.
ಅಲ್ಪದೊಳಗೆ ಲಾದ್ಕೊ ಇದ್ದ,
ಅವನ ಮುರಿದ ಹಲ್ಲು, ಅಮ್ಮ ಹೆಣೆದ ಬೂದು ಕಾಲುಚೀಲ.
ಸುಳ್ಳೇನಲ್ಲ.
ಲೆಕ್ಕಕ್ಕೆ ಒಬ್ಬ ಅಲ್ಪವೇ.

ಅಂದಿನಿಂದ ನಾನು ಏನನ್ನೂ ನಂಬಲಿಲ್ಲ.
ಅದು ಸುಲಭವಾಗಿತ್ತು, ಕಂಬಳಿಯಷ್ಟು ಬೆಚ್ಚಗಿತ್ತು.
ಮೇ ತಿಂಗಳಲ್ಲಿ ಸೊಚಾ ನದಿಯಾಚೆಯ ಹೆಂಗಸೊಬ್ಬಳು
ನಮ್ಮ ಹಳ್ಳಿ ಸುಟ್ಟರು, ಬರೆಯಿರಿ, ಎಂದು ಬಾಗಿಲಿಗೆ ಬಂದಳು.
ಬ್ರೆಗಾಂತ್ ಲವಂಗ ಕಚ್ಚಿ ನಕ್ಕ:
"ಇದನ್ನೂ ಯಾರೋ ಜೋಡಿಸಿ ಕಳಿಸಿರುತ್ತಾರೆ."
ನಾನೂ ನಕ್ಕೆ.
ಅವಳ ಕೂದಲು ಹೊಗೆ ನಾರುತ್ತಿತ್ತು.
ಮೂಗು ಓದಿತು. ನಾನು ಓದಲಿಲ್ಲ.
ಅವಳ ಹೆಸರು ಕೇಳಲೂ ಇಲ್ಲ,
ಈಗ ಕೇಳಬೇಕೆಂದರೆ ಯಾರನ್ನು?

ಆಗಸ್ಟಿನಲ್ಲಿ ಊರು ಕೈ ಬದಲಾಯಿಸಿತು.
ಬ್ರೆಗಾಂತ್ ಹಳೆಯ ಸಾಲನ್ನು ಕರಗಿಸಲಿಲ್ಲ,
ಇಟಾಲಿಯನ್ನಿನಲ್ಲಿ ಇನ್ನೊಂದು ಜೋಡಿಸಿ ಪಕ್ಕದಲ್ಲಿಟ್ಟ.
ಮರುವರ್ಷ ಹಳಬರು ಮರಳಿದಾಗ ಹಳೆಯದು ತಯಾರು.
ಅದರ ಮರುವರ್ಷ ಮತ್ತೆ ಪಕ್ಕದ್ದು.
ಎರಡರಲ್ಲೂ ಮೊದಲು ಸವೆದ ಪದ:
ನಮ್ಮ.

ಈಗ ಮೊಮ್ಮಗ ಶಾಲೆಯ ಪುಸ್ತಕ ಗಟ್ಟಿಯಾಗಿ ಓದುತ್ತಾನೆ:
ಬಿಡುಗಡೆಯ ದಿನ ಊರ ಜನ ಸೈನಿಕರಿಗೆ ಹೂವೆರಚಿದರು.
ಹೌದು ಮಗು, ಎರಚಿದೆವು. ನಾನೂ.
ಪಕ್ಕದ ಕೊಮೆಲ್ ಮನೆಯ ಕೆಂಪು ಕಣಗಿಲೆ.
ಹಳಬರು ಮರಳಿದ್ದು ಚಳಿ ಶುರುವಾದ ಮೇಲೆ,
ಹೂವಿರಲಿಲ್ಲ, ಅದೇ ಗಿಡದ ಎಲೆ ಎರಚಿದೆವು.
ಪುಸ್ತಕದಲ್ಲಿ ಎಲೆ ಇಲ್ಲ.
ನೆಲಮಾಳಿಗೆಯಲ್ಲಿ ಹಸಿ ಟರ್ನಿಪ್ ಅಗಿದ ಹನ್ನೊಂದು ದಿನ ಇಲ್ಲ.

"ಹಾಗಾದರೆ ಪುಸ್ತಕ ಸುಳ್ಳಾ ಅಜ್ಜಿ?"
ಹೂವು ನಿಜ, ಅನ್ನುತ್ತೇನೆ.
ಸಾಲದು ಎಂದು ಅವನ ಮುಖ ಹೇಳುತ್ತದೆ.

ಹೊಲಿಗೆ ಯಂತ್ರದ ಡ್ರಾಯರಿನಿಂದ
ಆ ಪುಟ್ಟ ಕಟ್ಟು ತೆಗೆದು ಅವನ ಅಂಗೈಯಲ್ಲಿಡುತ್ತೇನೆ.
ದಾರ ಕೊಳೆತಿದೆ. ಅವನಿಗೆ ಜರ್ಮನ್ ಬರುವುದಿಲ್ಲ,
ತಿರುಗಿಸಿ ಓದಲೂ ಬರುವುದಿಲ್ಲ.
ಬೆರಳಿನಿಂದ ತಡವುತ್ತಾನೆ. ಉಗುರು ಕಪ್ಪಾಗುತ್ತದೆ.
"ಇಷ್ಟೇ ಇಷ್ಟು" ಅನ್ನುತ್ತಾನೆ,
"ಎಷ್ಟು ಭಾರ!"