ಹದಿನೇಳನೆಯ ಸೆಂಟಿಮೀಟರ್

ಮಂಜುಗಡ್ಡೆ ಇವತ್ತು ಮೊಳದಷ್ಟು ದಪ್ಪ.
ಬೈರಿಗೆ ಕೊರೆದು ಕೊರೆದು ಒಮ್ಮೆಲೇ ಹಗುರಾಗುತ್ತದೆ,
ತೂತಿನಿಂದ ಕಪ್ಪು ನೀರು ಮೇಲೆ ಬಂದು
ನನ್ನ ಬೂಟು ಮೂಸುತ್ತದೆ, ನಾಯಿಯ ಹಾಗೆ.
ಈಲಿಸ್ ಹಗ್ಗ ಬಿಡುತ್ತಾನೆ. ಮಾರು, ಎರಡು ಮಾರು, ಐದು.
ಕೊಳವೆ ತಳ ಮುಟ್ಟಿದ್ದು ಅಂಗೈಗೆ ತಿಳಿಯುತ್ತದೆ:
ಸದ್ದಿಲ್ಲ, ಮೆತ್ತಗೊಂದು ಒಪ್ಪಿಗೆ.

ತೌನೊ ತಾತಾ,
ನಿನ್ನ ಹೊಳೆಯನ್ನು ನಾನು ಹೀಗೆ ಮೇಲೆತ್ತುತ್ತೇನೆ,
ಕೊಳವೆಯಲ್ಲಿ, ನೆಟ್ಟಗೆ, ಕೂಸಿನ ಹಾಗೆ ಅಲುಗದಂತೆ.
ತುದಿಯಲ್ಲಿ ಕಂದು, ಈಚಿನದು, ನನ್ನ ಮಗಳ ವಯಸ್ಸಿನದು.
ಅದರ ಕೆಳಗೆ ಕಪ್ಪು.
ಆಮೇಲೆ ನಾರು, ಬೂದಿ ಬಣ್ಣ, ನೆನೆದ ಕಾಗದದಂಥದು,
ಇಷ್ಟು ವರ್ಷವಾದರೂ ಮಣ್ಣಾಗಲು ಒಪ್ಪದ್ದು.
ತೀರ ತಳದಲ್ಲಿ ಹಳೇ ಜೇಡಿ,
ಹಿಮನದಿ ಹೋಗುವಾಗ ಮರೆತು ಬಿಟ್ಟದ್ದು;
ಅದರಲ್ಲಿ ಯಾರ ತಪ್ಪೂ ಇಲ್ಲ.

ಚಾಕುವಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತೇನೆ.
ಒಂದೊಂದು ಬಿಲ್ಲೆ ನಾಲ್ಕು ವರ್ಷ, ಕೆಲವೊಮ್ಮೆ ಐದು.
ಹದಿನೇಳನೆಯದು ನೀನು.

ಹಲಗೆಗೆ ನೀಲಿ ಬೂಷ್ಟು ಹಿಡಿಯದಿರಲೆಂದು
ಮಿಲ್ಲಿನ ತೊಟ್ಟಿಯಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದೆಯಂತೆ,
ಕೈಗವಸಿಲ್ಲದೆ.
ಶನಿವಾರ ಸೌನಾದಲ್ಲಿ ಮೂರು ಬಾರಿ ಉಜ್ಜಿಕೊಂಡರೂ
ಸೈಮಿ ಅಜ್ಜಿಗೆ ನಿನ್ನ ಬೆರಳಲ್ಲಿ ಔಷಧಿ ಅಂಗಡಿಯ ವಾಸನೆ.
ಕೈ ಕೆಸರಾಯಿತು, ಬಾಯಿಗೆ ಮೊಸರೂ ಸಿಕ್ಕಿತು:
ಆ ವರ್ಷವೇ ಹೊಲಿಗೆ ಯಂತ್ರ, ಅಪ್ಪನಿಗೆ ಉಣ್ಣೆಯ ಕೋಟು.
ಸುಳ್ಳು ಹೇಳಲಾರೆ, ಆ ಕೋಟನ್ನು ನಾನೂ ತೊಟ್ಟಿದ್ದೇನೆ.

ಸಂಜೆ ಸೈರನ್ ಕೂಗಿದ ಮೇಲೆ ತೊಟ್ಟಿಯ ಗಸಿ ಹೊಳೆಗೆ.
ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ.
ಯಾರು ಅಳೆದರು?
ಅಳೆಯುವ ಕೆಲಸ ಎಪ್ಪತ್ತು ವರ್ಷ ತಡವಾಗಿ
ನನಗೆ ಸಿಕ್ಕಿದೆ, ಸಂಬಳಕ್ಕೆ:
ಗ್ರಾಮಿನ ಕೋಟಿಯಲ್ಲೊಂದು ಪಾಲು, ಅದರಲ್ಲೂ ಚೂರು.

ಹೋದ ವಾರ ಶಾಲೆಯ ಊಟದ ಕೋಣೆಯಲ್ಲಿ ಸಭೆ.
ಹೂಳೆತ್ತಿಸಿ ಬಿಡಿ, ಅಂದರು ಕೆಲವರು.
ಕೆದಕಿದರೆ ಎದ್ದು ಬಾಲ್ಟಿಕ್‌ವರೆಗೂ ನಡೆಯುತ್ತದೆ,
ಮಲಗಿದ್ದು ಮಲಗಿರಲಿ, ಅಂದೆ ನಾನು, ನಕ್ಷೆ ತೋರಿಸಿ.
ಹಿಂದಿನ ಸಾಲಿನಿಂದ ಲೆಂಪಿ ಎದ್ದಳು,
ಎಂಬತ್ತು ದಾಟಿದವಳು, ಬಲೆ ಹಾಕಿ ಬದುಕಿದವಳು.
ತಿಂಗಳಿಗೊಂದೇ ಪೈಕ್ ಮೀನು ಎಂಬ ಚೀಟಿ ಓದಿ
ನನಗಿನ್ನೆಷ್ಟು ತಿಂಗಳು ಎಂದು ನಗುವವಳು,
ಮೊಮ್ಮಕ್ಕಳ ತಟ್ಟೆಗೆ ಮಾತ್ರ ಒಂದು ಮುಳ್ಳನ್ನೂ ಬಡಿಸದವಳು.
"ಮಲಗಿದೆ ಅಂತೀಯ. ಸರಿ.
ಎಚ್ಚರ ಕೂರೋರು ಯಾರು?"
ಯಾರೋ ಕಾಫಿ ಕಪ್ಪು ಕೆಳಗಿಟ್ಟ ಸದ್ದು.
ನನ್ನ ಹತ್ತಿರ ಮುಂದಿನ ಸ್ಲೈಡ್ ಇರಲಿಲ್ಲ.

ಈಗ ಬಿಲ್ಲೆಯ ನಡುವೆ ಚಾಕುವಿಗೇನೋ ತಡೆಯುತ್ತದೆ.
ಪೈನ್ ತೊಗಟೆಯ ಚೂರು, ಉಗುರಿನಷ್ಟು.
ಮೂಸಿದೆ. ಮೂಸಬಾರದು, ಅದು ನಿಯಮ.
ಇನ್ನೂ ಕಾಡಿನ ವಾಸನೆ, ತಾತಾ,
ನಿನ್ನೆ ತಾನೆ ಕಡಿದ ಹಾಗೆ.
ಅದನ್ನೂ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ,
ಪೆನ್ಸಿಲಿನಲ್ಲಿ ಬರೆದೆ:
ಆಳ, ತಾರೀಕು, ನನ್ನ ಸಹಿ.
ಸಹಿಯ ಅರ್ಧ ನಿನ್ನ ಹೆಸರೇ.

ತೂತಿನ ಬಳಿ ಈಲಿಸ್ ಒಂದು ಹಸಿ ಟೊಂಗೆ ನೆಡುತ್ತಿದ್ದಾನೆ,
ಕತ್ತಲಲ್ಲಿ ಸ್ಕೀ ಮೇಲೆ ಬರುವವರು ಕಾಲಿಡದಿರಲೆಂದು.
ನಾಳೆಗೆ ನೀರು ಹೆಪ್ಪುಗಟ್ಟಿಕೊಳ್ಳುತ್ತದೆ.
ಟೊಂಗೆ ಇರುತ್ತದೆ, ಒಂದಷ್ಟು ದಿನ.