ಎಂಟರ ಲೆಕ್ಕ

ವಿರಾಜಪೇಟೆಯ ಅರ್ಧ ಊರಿನ ಸುತ್ತಳತೆ
ನನ್ನ ಪುಸ್ತಕದಲ್ಲಿದೆ.
ಯಾರ ಬಲತೋಳು ಎಡದ್ದಕ್ಕಿಂತ ಅರ್ಧ ಇಂಚು ದಪ್ಪ,
ಯಾರು ಬಾಣಂತನ ಮುಗಿಸಿ ಎರಡು ಹೊಲಿಗೆ ಬಿಚ್ಚಿಸಿಕೊಂಡರು,
ಎಲ್ಲ ಗೊತ್ತು. ಹೇಳುವುದಿಲ್ಲ.

ವಾರಿಜಕ್ಕ ಕತ್ತರಿಸುವವಳು, ನಾನು ಹೊಲಿಯುವವಳು.
ಕಕ್ಕಡದ ಒಂದು ಮಧ್ಯಾಹ್ನ
ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತಳು,
ನೀರು ಕೇಳಿದಳು.
ನೀರು ತರುವಷ್ಟರಲ್ಲಿ ಮುಗಿದಿತ್ತು.
ಮೇಜಿನ ಮೇಲೆ ಹಸಿರು ರವಿಕೆಯ ಬಟ್ಟೆ;
ಸೀಮೆಸುಣ್ಣದ ಗೆರೆಯ ಜೊತೆ ಬಂದ ಕತ್ತರಿ
ಕಂಕುಳಲ್ಲಿ ನಿಂತಿತ್ತು.

ಆಮೇಲೆ ನನ್ನ ಕೈ ಮೇಲೇಳಲಿಲ್ಲ.
ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಏಳಲಿಲ್ಲ.
ಭುಜದ ಕೀಲು ತುಕ್ಕು ಹಿಡಿದು
ಜಡೆ ಹೆಣೆಯಲಾಗದೆ ಕೂದಲು ಮೋಟು ಮಾಡಿಸಿಕೊಂಡೆ.
ಮೇಲಿನ ಕಪಾಟಿನ ದಾರದುಂಡೆಗಳನ್ನು
ಪಕ್ಕದ ಬೇಕರಿ ಹುಡುಗ ಬಂದು ಇಳಿಸಿಕೊಡಬೇಕು.
ನಾಲ್ಕು ಮೆಟ್ಟಿಲಿಗೆ ಏದುಸಿರು.
ಊಟವೆಂದರೆ ಚಹಾ, ಬನ್ನು.

ಚೋಂದಮ್ಮ ಐದು ರವಿಕೆ ತಂದರು, ಬಿಗಿ ಮಾಡಿಸಲು.
ಒಂದೊಂದಕ್ಕೂ ಒಂದೂವರೆ ಇಂಚು.
‘ಎಲ್ಲಿ ಹೋಯಿತು ಇಷ್ಟೂ?’ ಎಂದೆ.
‘ಮಹಿಳಾ ಸಮಾಜದ ಹಾಲಿನಲ್ಲಿ ಬಿದ್ದಿದೆ,
ನಾಳೆ ಆರಕ್ಕೆ ಬಾ, ತೋರಿಸುತ್ತೇನೆ.’

ಹೋದೆ. ಕಾಲು ಸುಡುವಷ್ಟು ತಣ್ಣಗಿನ ನೆಲ,
ಗೋಡೆಗೆ ಒರಗಿಸಿಟ್ಟ ಮದುವೆಯ ಕುರ್ಚಿಗಳು,
ಹನ್ನೊಂದು ಹೆಂಗಸರು.
ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದ ಓಮನ,
ದುಪಟ್ಟಾವನ್ನು ಸೊಂಟಕ್ಕೆ ಬಿಗಿದ ನಫೀಸ,
ಮೀನಂಗಡಿ ತೆರೆಯುವ ಮುನ್ನ ಒಂದು ಗಂಟೆ
ಕದ್ದುಕೊಂಡ ಜೂಲಿಯಾನ.
ದಿನಕ್ಕೊಬ್ಬರು ಲೆಕ್ಕ ಹಾಕುತ್ತಾರೆ, ಅವರವರ ಬಾಯಲ್ಲಿ:
ಒಂದ್, ದಂಡ್, ಮೂಂದ್ ಎಂದು ಚೋಂದಮ್ಮ,
ಒನ್ನ್, ರಂಡ್ ಎಂದು ಆಕಳಿಸುತ್ತ ಓಮನ,
ಏಕ್, ದೋನ್, ತೀನ್ ಎಂದು
ಮೀನು ಎಣಿಸಿ ಕೊಟ್ಟಂತೆ ಜೂಲಿಯಾನ.
ಯಾರೇ ಎಣಿಸಲಿ, ಎಂಟಕ್ಕೆ ನಿಲ್ಲಬೇಕು.

ಎಲ್ಲರ ಕೈ ತಾರಸಿಯತ್ತ.
ನನ್ನದು ಎದೆ ಮಟ್ಟ,
ನಿಲ್ಲದ ಬಸ್ಸಿಗೆ ತೋರಿಸಿದ ಹಾಗೆ.
ಅಕ್ಕನ ಸುದ್ದಿ ಯಾರೂ ಎತ್ತಲಿಲ್ಲ.
ಪಕ್ಕದಲ್ಲಿ ನಿಂತ ನಫೀಸ ಮಾತ್ರ
ಹದಿನೈದು ದಿನ ತನ್ನ ಕೈಯನ್ನೂ
ಎದೆ ಮಟ್ಟಕ್ಕೇ ಎತ್ತಿದಳು.
ಅಳತೆ ನನ್ನ ಕಸುಬು, ನನಗೆ ಕಾಣದೇ ಇರುತ್ತದೆಯೇ.
ಕಂಡದ್ದು ಅವಳಿಗೆ ಗೊತ್ತಿಲ್ಲ.

ಅಂಗಾತ ಮಲಗಿ ಅತ್ತರೆ
ನೀರು ಕಿವಿಯೊಳಗೆ ಇಳಿಯುತ್ತದೆ.
ಇದೂ ಆ ಹಾಲಿನಲ್ಲೇ ಕಲಿತದ್ದು.
‘ಕಾಲು ಕೆಳಗೆ ಬಿಡಬೇಡಿ’ ಎಂದು ಕೂಗುತ್ತಲೇ ಇದ್ದರು ಚೋಂದಮ್ಮ.
ಬಿಡಲಿಲ್ಲ. ಅಳುತ್ತಲೇ ಎತ್ತಿ ಹಿಡಿದೆ.

ಕಾಫಿ ಹೂ ಬಿಟ್ಟ ವಾರ,
ಕಿಟಕಿಯಿಂದ ಬಂದ ಪರಿಮಳಕ್ಕೆ
ಜೂಲಿಯಾನ ಮೂರು ಸಲ ಸೀನಿ ಲೆಕ್ಕ ತಪ್ಪಿದ ದಿನ,
ಅಂಗಡಿಗೆ ಬಂದು ಮೇಲಿನ ಕಪಾಟಿಗೆ ಕೈ ಹಾಕಿದೆ.
ಸಿಕ್ಕಿದ್ದು ನೇರಳೆ ದಾರ. ಬೇಕಿರಲಿಲ್ಲ.
ಇಡೀ ದಿನ ಮೇಜಿನ ಮೇಲೆ ಇಟ್ಟುಕೊಂಡೆ.
ಬೇಕರಿ ಹುಡುಗ ನೋಡಿ, ಏನೂ ಅನ್ನದೆ,
ಎರಡು ಮೊಟ್ಟೆ ಪಫ್ಸ್ ಕೊಟ್ಟು ಹೋದ.

ಮೊನ್ನೆ ನನ್ನ ಸರದಿ.
ಒಂದು, ಎರಡು. ಗಂಟಲಿಂದ ಬಂದದ್ದು
ಬಹಳ ದಿನದಿಂದ ಎಣ್ಣೆ ಕಾಣದ ಮೆಷಿನ್ನಿನ ಸದ್ದು.
ಐದು, ಆರು. ಹನ್ನೊಂದು ಜೊತೆ ಕೈ
ನಾನು ಹೇಳಿದಲ್ಲಿಗೆ ಏಳುತ್ತವೆ, ಇಳಿಯುತ್ತವೆ!
ಎಂಟು. ಒಂಬತ್ತು.
ಟೇಪು ಹಿಡಿದ ಬಾಯಿ, ನಿಲ್ಲಲಿಲ್ಲ.
ಹತ್ತು, ಹನ್ನೊಂದು.
ಓಮನ ನರಳಿದಳು, ಯಾರೋ ನಕ್ಕರು,
ಕೈ ಮಾತ್ರ ಯಾರೂ ಇಳಿಸಲಿಲ್ಲ.
ಹದಿಮೂರು, ಹದಿನಾಲ್ಕು.
ಅಲ್ಲಿ ನಿಂತೆ.
ಅಕ್ಕನ ಭುಜ ಹದಿನಾಲ್ಕು.

‘ನಾಳೆಯೂ ನೀನೇ ಎಣಿಸು ಮಾರಾಯ್ತಿ,’
ಚೋಂದಮ್ಮ ಸೊಂಟ ಹಿಡಿದು ಬಗ್ಗಿಕೊಂಡರು,
‘ಎಂಟಕ್ಕೆ ನಿಲ್ಲಿಸಿದರೆ ಪುಣ್ಯ ಬರುತ್ತದೆ.’

ಸಂಜೆ ಹಸಿರು ಬಟ್ಟೆ ಬಿಡಿಸಿ
ಕಂಕುಳಿನಿಂದ ಮುಂದಕ್ಕೆ ನಾನೇ ಕತ್ತರಿಸಿದೆ.
ಕೈ ನಡುಗಿ ಗೆರೆ ಕೊಂಚ ಸೊಟ್ಟ.
ಕೇಳಲು ಇನ್ನೂ ಯಾರೂ ಬಂದಿಲ್ಲ.
ಬಂದರೆ, ಅಲ್ಲಿ ಸ್ವಲ್ಪ ಹಿಡಿಯುತ್ತದೆ ಎಂದು
ಮೊದಲೇ ಹೇಳಿಬಿಡಬೇಕು.