ಹಸರು ಫೋನು

ಟೇಬಲ್ಲಿನ ಮ್ಯಾಲೆ ನಾಕು ಫೋನಿದ್ವು,
ಮೂರಕ್ಕ ವಾಯರು ಇರಲಿಲ್ಲ.
ಕ್ಯಾಮೆರಾದೊಳಗ ತುಂಬಿಧಂಗ ಕಾಣ್ಲಿ ಅಂತ
ಹೊಂಬಳ ಮಾಸ್ತರು ಗುಜರಿಯಿಂದ ತಂದಿಟ್ಟಿದ್ದರು.
ನನಗ ಸಿಕ್ಕದ್ದು ಹಸರು.

ಬೆಟಗೇರಿಯ ನಮ್ಮ ಕೇಬಲ್ಲು, ಹೆಸರು ಬೆಳಕಿಂಡಿ.
ಜಾಹೀರಾತು ಬ್ಯಾಡ, ಅದು ಮಾಸ್ತರ ಹಟ.
ಹಲ್ಲುಪುಡಿಯವರು ರೊಕ್ಕ ಹಿಡಕೊಂಡು ಬಂದಾಗ
ಚಾ ಕುಡಿಸಿ ಕಳಿಸಿದ್ದರು.
ಏಳಕ್ಕ ಲೆಕ್ಕದ ಪಾಠ, ಎಂಟಕ್ಕ ಯಾರದೋ ಸಾರಂಗಿ,
ಒಂಬತ್ತಕ್ಕ ಮಗ್ಗದ ಕುಣಿಯೊಳಗ ಕಾಲು ಬಿಟ್ಟು ಕುಂತವರ ಮಾತು.
ವರ್ಷಕ್ಕ ಮೂರು ರಾತ್ರಿ ಮಾತ್ರ
ಸಾರಂಗಿ ಅರ್ಧಕ್ಕ ನಿಲ್ಲಿಸಿ
ಕೈ ಜೋಡಿಸಿ ನಿಲ್ಲೋರು:
"ನೋಡೋರು ನೀವು. ನಡಸೋರೂ ನೀವ ಆಗ್ರಿ."

ನೂರಾ ಒಂದಕ್ಕ ಪೆನ್ನು.
ಎರಡುನೂರಾ ಐವತ್ತೊಂದಕ್ಕ ಕೈಮಗ್ಗದ ಚೀಲ.
ಐನೂರಾ ಒಂದಕ್ಕ ಸ್ಟೀಲಿನ ಡಬ್ಬಿ,
ಮುಚ್ಚಳದ ಮ್ಯಾಲೆ ಹೆಸರು ಕೊರದು.
ಸಾವಿರದೊಂದಕ್ಕ ಗ್ವಾಡಿ ಗಡಿಯಾರ,
ಹನ್ನೆರಡು ಬರೋ ಜಾಗದಾಗ ಅಂಕಿ ಇಲ್ಲ, ಸಣ್ಣದೊಂದು ಕಿಂಡಿ.

ಸತ್ತ ಫೋನು ಕಿವಿಗೆ ಹಚ್ಚಿ
"ಹೂನ್ರಿ, ಹೂನ್ರಿ, ಅಡ್ರೆಸ್ ಹೇಳ್ರಿ" ಅಂತಿದ್ದೆ.
ಬರದಂಗ ಮಾಡಬೇಕಲ್ಲ, ಬರದೆ.
ಮೊದಲನೇ ರಾತ್ರಿ ಮನಿ ಕಿರಾಣಿ ಚೀಟಿ.
ಎರಡನೇ ರಾತ್ರಿ, ಕೊಡಬೇಕಾದವರ ಹೆಸರು:
ಸಿಮೆಂಟ್ ಅಂಗಡಿ ಅಣ್ವೇಕರ, ಐದು ಸಾವಿರ.
ನಮ್ಮ ಮನಿ ಮಾಲಕ ಅಂಬಾಸಾ ಮೇರವಾಡೆ,
ನಲ್ಲಿಗೆ ಕೀಲಿ ಹಾಕಿ ಮಲಗೋ ಮನಿಶಾ, ಐನೂರಾ ಒಂದು.
ಕೆಳಗ ಒಂದು ಸಾಲು ಜಾಗ ಉಳದಿತ್ತು.
ಕಾಶವ್ವ ಬಣಕಾರ, ಸಾವಿರದೊಂದು.
ಪಗಾರ ಆಗ ನನಗ ಒಂಬೈನೂರು.

ಹತ್ತೂವರಿಗೆ ಮಾಸ್ತರು ನಿಜವಾದ ಹಾಳಿ ಬಿಟ್ಟು
ನನ್ನ ಹಾಳಿ ಎತ್ತಿಕೊಂಡು
ಚಾಳೀಸು ಸರಿ ಮಾಡಿ
ಗದಗ ಬೆಟಗೇರಿ ತುಂಬ ಕೇಳೂ ಹಂಗ ಓದಿಬಿಟ್ಟರು.
"ಕಾಶವ್ವ" ಅಂದಾಗ ಒಮ್ಮೆ ನನ್ನ ಕಡೆ ನೋಡಿದರು,
ದನಿ ಒಂದು ಗೇಣು ತಗ್ಗಿತು.

ಅಣ್ವೇಕರ ವಕೀಲರಿಂದ ಕಾಗದ ಬರಸಿದ.
ಅಂಬಾಸಾ ಮರುದಿನ ನಸಿಕಿನ್ಯಾಗ ಬಾಗಿಲಿಗೆ ಬಂದ.
"ನಾ ಯಾವಾಗ ಹೇಳಿದ್ದೆ?" ಅಂದ.
ನಾ ನೆಲ ನೋಡಿದೆ.
ಕಿಸೆದಿಂದ ಎಣಿಸಿ ಐನೂರಾ ಒಂದು ಕೊಟ್ಟ.
"ಡಬ್ಬಿ ಮ್ಯಾಲೆ ನನ್ನ ಹೆಸರು ಬ್ಯಾಡ. ಸೋನಾಬಾಯಿ ಅಂತ ಹಾಕಸು.
ಆಕಿ ಹೆಸರು ರೇಷನ್ ಕಾರ್ಡ್ ಬಿಟ್ಟು ಎಲ್ಲೂ ಇಲ್ಲ."
ನಲ್ಲಿ ಕೀಲಿ ಮಾತ್ರ ತಗೀಲಿಲ್ಲ.

ನಂದು ತಿಂಗಳಿಗೆ ಐವತ್ತರಂಗ.
ಮಾಸ್ತರು ಬ್ಯಾಡ ಅನ್ನಲಿಲ್ಲ, ಬೈಲಿಲ್ಲ,
ಪ್ರತಿ ಸಲ ರಸೀದಿ ಹರದು ಕೊಟ್ಟರು.
ಹದಿನಾಕನೇ ಕಂತಿಗೆ ಸೆಟ್‌ಟಾಪ್ ಬಂತು;
ಡಬ್ಬಿ ಹಂಚಿದವರನ್ನ ಡಬ್ಬಿನ ಮುಗಿಸಿತು.
ವಾಯರು ಸುತ್ತಿ ಕಟ್ಟಿಟ್ಟ ಮನ್ಯಾಗ ಹೋಗಿ ಐವತ್ತು ಇಟ್ಟೆ.
"ಇನ್ನೇನು ನಡಸೋದೈತವಾ?" ಅಂದರು.
"ಓದಿದ್ದು ಓದಿದ್ದರೀ" ಅಂದೆ.
ಸುಮ್ಮನ ಕುಂತರು. ಆಮ್ಯಾಲೆ ಪೆನ್ನು ಹುಡುಕಿದರು.
ಇಲ್ಲದ ವಾಹಿನಿಗೆ ಏಳು ರಸೀದಿ ಅದಾವ ನನ್ನ ಕಡೆ,
ಕಡೀದು ಐವತ್ತೊಂದರದು.

ಈಗ ಪೋಲಿಯೊ ಹನಿ ಹಿಡಕೊಂಡು ಮನಿಮನಿ ತಿರುಗತೀನಿ.
ಚೀಲದಾಗ ಬಳ್ಳೊಳ್ಳಿ ತೂಗತಾವ.
ಸೋನಾಬಾಯಿ ಡಬ್ಬಿಯೊಳಗ ಗುಂಡಿ, ಸೂಜಿ, ಮೊಮ್ಮಗನ ಹಾಲು ಹಲ್ಲು.
ಮುಚ್ಚಳ ಎದಿಗೆ ಒರಸಿ ತೋರಸ್ತಾಳ:
ಕೊರದಾಂವ ದೀರ್ಘ ಮರತಾನ, ಸೊನಾಬಾಯಿ.
"ಇರ್ಲಿ, ನಂದ ಅದು" ಅಂತಾಳ.

ನನ್ನ ಗಡಿಯಾರ ದಿನಾ ಆರು ಮಿನಿಟು ಮುಂದ ಓಡತೈತಿ.
ಕೊಡೂ ದಿನ ಮಾಸ್ತರು ಹಳೇ ಪ್ಯಾಪರಿನ್ಯಾಗ
ಹಸರು ಫೋನೂ ಸುತ್ತಿ ಕೊಟ್ಟರು.
ಅದಕ್ಕ ರಸೀದಿ ಕೊಡಲಿಲ್ಲ.